ಊರು ಮೊದಲು, ಟೆವ್ಯೆ ಆಮೇಲೆ: ಮಕ್ಕಳ ಜೊತೆ ‘ಫಿಡ್ಲರ್ ಆನ್ ದ ರೂಫ್’ ಆಡಿಸುವವರಿಗೆ

ಶಾಲೆಯಲ್ಲಿ ನಾಟಕ ಆಡಿಸುವವನು ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಒಂದಿದೆ. “ಐವತ್ತು ಮಕ್ಕಳಿದ್ದಾರೆ ಸಾರ್. ಎಲ್ಲರಿಗೂ ಪಾರ್ಟು ಬೇಕು. ಹಾಡು, ಕುಣಿತ ಇರಬೇಕು. ಅಪ್ಪ ಅಮ್ಮಂದಿರು ನಗಬೇಕು, ಸ್ವಲ್ಪ ಕಣ್ಣೂ ಒರೆಸಿಕೊಳ್ಳಬೇಕು. ಯಾವುದು ಮಾಡಿಸೋಣ?” ಮಕ್ಕಳಿಗೆ ಇಂಗ್ಲಿಷ್‌ನಲ್ಲಿ ಆಡಲು ತೊಂದರೆ ಇಲ್ಲ ಅಂದರೆ ನಾನು ಹೇಳುವ ಹೆಸರು ‘ಫಿಡ್ಲರ್ ಆನ್ ದ ರೂಫ್’.

ಗೊತ್ತಿಲ್ಲದವರಿಗೆ ಎರಡು ಮಾತು. 1905ರ ಹೊತ್ತಿನ ರಷ್ಯಾ ಸಾಮ್ರಾಜ್ಯ. ಅನಟೆವ್ಕಾ ಎಂಬ ಪುಟ್ಟ ಯಹೂದಿ ಊರು. ಅಲ್ಲಿ ಟೆವ್ಯೆ ಎಂಬ ಹಾಲು ಮಾರುವವನು, ಅವನ ಹೆಂಡತಿ ಗೋಲ್ಡೆ, ಐದು ಹೆಣ್ಣುಮಕ್ಕಳು. ಮೇಲಿನ ಮೂವರು ಮದುವೆಯ ವಯಸ್ಸಿಗೆ ಬಂದಿದ್ದಾರೆ. ಮೂವರೂ ತಮ್ಮ ಗಂಡನ್ನು ತಾವೇ ಆರಿಸಿಕೊಳ್ಳುತ್ತಾರೆ. ಕೊನೆಗೆ ಸರ್ಕಾರ ಇಡೀ ಊರನ್ನೇ ಎಬ್ಬಿಸಿ ಕಳಿಸುತ್ತದೆ. ಯಿಡ್ಡಿಷ್ ಭಾಷೆಯ ಲೇಖಕ ಶೋಲೆಮ್ ಅಲೈಕೆಮ್ 1894ರಿಂದ ಬರೆಯುತ್ತ ಬಂದ ಕಥೆಗಳು ಇದಕ್ಕೆ ಮೂಲ. ಜೋಸೆಫ್ ಸ್ಟೈನ್ ನಾಟಕ ಬರೆದರು. ಸಂಗೀತ ಜೆರ್ರಿ ಬಾಕ್ ಅವರದು, ಹಾಡುಗಳು ಶೆಲ್ಡನ್ ಹಾರ್ನಿಕ್ ಅವರವು. 1964ರ ಸೆಪ್ಟೆಂಬರ್ 22ರಂದು ನ್ಯೂಯಾರ್ಕ್‌ನ ರಂಗಮಂದಿರಗಳ ಕೇಂದ್ರವಾದ ಬ್ರಾಡ್‌ವೇಯಲ್ಲಿ ಶುರುವಾಗಿ 3,242 ಪ್ರದರ್ಶನ ಕಂಡಿತು.

ನಾನು ಇದನ್ನು ಎರಡು ಸಲ ಆಡಿಸಿದ್ದೇನೆ. ಮೊದಲ ಸಲ ತಪ್ಪುಗಳೇ ಜಾಸ್ತಿ. ಆ ತಪ್ಪುಗಳಿಂದಲೇ ಈ ಲೇಖನ.

1. ಇದು ಯಾವುದರ ಕಥೆ ಅಂತ ಮೊದಲು ತೀರ್ಮಾನಿಸಿ

ಮೂಲ ನಿರ್ದೇಶಕ ಜೆರೋಮ್ ರಾಬಿನ್ಸ್ ತಮ್ಮ ತಂಡವನ್ನು ಮತ್ತೆ ಮತ್ತೆ ಕೇಳುತ್ತಿದ್ದ ಪ್ರಶ್ನೆ ಇದು. ಹಾಲು ಮಾರುವವನ ಹೆಣ್ಣುಮಕ್ಕಳ ಮದುವೆ ಕಥೆ ಅಂದರೆ ಅವರು ಒಪ್ಪುತ್ತಿರಲಿಲ್ಲ. ಕೊನೆಗೆ ಯಾರೋ ಒಬ್ಬರು, ಒಂದು ಸಂಪ್ರದಾಯ ಕರಗಿಹೋಗುವ ಕಥೆ ಅಂದರು. ಹಾಗಾದರೆ ಆ ಸಂಪ್ರದಾಯ ಎಂಥದ್ದು ಅಂತ ಜನರಿಗೆ ಮೊದಲೇ ತೋರಿಸಬೇಕು ಅಂತ ರಾಬಿನ್ಸ್ ಹಟ ಹಿಡಿದರು. ‘ಟ್ರೆಡಿಷನ್’ ಎಂಬ ಮೊದಲ ಹಾಡು ಹುಟ್ಟಿದ್ದು ಹಾಗೆ.

ಮೊದಲ ಸಲ ನಾನು ಮಾಡಿಸಿದ್ದು ಟೆವ್ಯೆಯ ನಾಟಕ. ಚೆನ್ನಾಗಿ ಹಾಡುವ, ಮಾತಿನಲ್ಲಿ ಚುರುಕಾದ ಹುಡುಗನೊಬ್ಬ ಸಿಕ್ಕಿದ್ದ. ಅವನು ಬಂದಾಗೆಲ್ಲ ನಗು, ಚಪ್ಪಾಳೆ. ಊರಿನವರಾಗಿದ್ದ ಮೂವತ್ತು ಮಕ್ಕಳು ಹಿಂದೆ ಗೋಡೆಗೆ ಒರಗಿಸಿಟ್ಟ ಬೊಂಬೆಗಳ ಹಾಗೆ ನಿಂತಿದ್ದರು. ಕೊನೆಯಲ್ಲಿ ಊರು ಖಾಲಿಯಾದಾಗ ಸಭೆಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಅಲ್ಲಿ ಊರೇ ಇರಲಿಲ್ಲವಲ್ಲ, ಖಾಲಿಯಾಗೋದು ಏನು?

ನಿಮ್ಮ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಮೂರು ಮೆಟ್ಟಿಲು ಬರೆದುಕೊಳ್ಳಿ. ದೊಡ್ಡವಳು ತ್ಸೈಟಲ್. ಊರಿನಲ್ಲಿ ಮದುವೆ ಕುದುರಿಸುವ ಯೆಂಟೆ ಎಂಬ ಹೆಂಗಸು ತಂದ ಸಂಬಂಧ ಮಾಂಸದಂಗಡಿಯ ಲೇಜರ್ ವೂಲ್ಫ್. ಅವನು ಬೇಡ, ಬಡ ದರ್ಜಿ ಮೋಟೆಲ್ ಬೇಕು ಅಂತ ಅಪ್ಪನ ಅಪ್ಪಣೆ ಬೇಡುತ್ತಾಳೆ. ಎರಡನೆಯವಳು ಹೋಡೆಲ್. ಕೀವ್‌ನಿಂದ ಬಂದ ಪೆರ್ಚಿಕ್ ಎಂಬ ಕ್ರಾಂತಿಕಾರಿಯ ಪಕ್ಕ ನಿಂತು, ಅಪ್ಪಣೆ ಕೇಳುತ್ತಿಲ್ಲ, ಆಶೀರ್ವಾದ ಮಾಡು ಸಾಕು ಅನ್ನುತ್ತಾಳೆ. ಮೂರನೆಯವಳು ಹಾವಾ. ಯಹೂದಿಯಲ್ಲದ ಫ್ಯೇಡ್ಕಾನ ಜೊತೆ ಓಡಿಹೋಗಿ ಮದುವೆಯಾಗುತ್ತಾಳೆ. ಪ್ರತಿ ಸಲವೂ ಟೆವ್ಯೆ ಪಕ್ಕಕ್ಕೆ ಸರಿದು ತನ್ನ ಜೊತೆ ತಾನೇ ವಾದ ಮಾಡುತ್ತಾನೆ. ಒಂದು ಕಡೆಯಿಂದ ನೋಡಿದರೆ ಹೀಗೆ, ಇನ್ನೊಂದು ಕಡೆಯಿಂದ ನೋಡಿದರೆ ಹಾಗೆ. ಮೂರನೆಯ ಸಲ ಅವನಿಗೆ ‘ಇನ್ನೊಂದು ಕಡೆ’ ಸಿಗುವುದಿಲ್ಲ.

ಈ ಮೂರು ವಾದಗಳನ್ನೂ ರಂಗದ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಮಾಡಿಸಿ. ಆ ಹೊತ್ತಿಗೆ ಉಳಿದವರೆಲ್ಲ ಕದಲದೆ ನಿಲ್ಲಬೇಕು. ಮೂರನೆಯ ಸಲ ಅವನು ಅದೇ ಜಾಗಕ್ಕೆ ನಡೆದಾಗ, ಮಾತು ಬರುವ ಮೊದಲೇ ಸಭೆಗೆ ಗೊತ್ತಾಗಿರುತ್ತದೆ.

2. ಲೈಸೆನ್ಸ್, ಕ್ಯಾಲೆಂಡರ್

ಈ ನಾಟಕದ ಹಕ್ಕು ಕೊಡುವುದು ನ್ಯೂಯಾರ್ಕ್‌ನ ಮ್ಯೂಸಿಕ್ ಥಿಯೇಟರ್ ಇಂಟರ್‌ನ್ಯಾಷನಲ್. ಅವರಲ್ಲಿ ಪೂರ್ತಿ ನಾಟಕ ಇದೆ, ಮಧ್ಯಂತರ ಸೇರಿ ಹತ್ತಿರ ಹತ್ತಿರ ಮೂರು ಗಂಟೆ. ಸುಮಾರು ಒಂದು ಗಂಟೆಯ ‘ಜೂನಿಯರ್’ ರೂಪವೂ ಇದೆ, ಹಿನ್ನೆಲೆ ಸಂಗೀತದ ಟ್ರ್ಯಾಕ್ ಜೊತೆಗೇ ಬರುತ್ತದೆ. ಏಳನೇ ಕ್ಲಾಸಿನ ಆಸುಪಾಸಿನ ಮಕ್ಕಳಾದರೆ ಚಿಕ್ಕದನ್ನೇ ಹಿಡಿಯಿರಿ. ಅದರಲ್ಲಿ ಮರ್ಯಾದೆ ಕಡಿಮೆಯೇನಿಲ್ಲ.

ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಶಾಲೆಗಳಿಗೆ ಒಂದು ರಿಯಾಯಿತಿ ಇದೆ. ಶಾಲೆಯ ಚಟುವಟಿಕೆಯಾಗಿ ಮಕ್ಕಳು, ಶಿಕ್ಷಕರು ಆಡಿ, ನೋಡುವವರೂ ಅವರೇ ಮತ್ತು ಪೋಷಕರಾದರೆ ಅದು ಅನ್ವಯಿಸುತ್ತದೆ. ಅದನ್ನೇ ನಂಬಿಕೊಂಡು ಹೊರಗಿನವರಿಗೆ ಟಿಕೆಟ್ ಮಾರುವುದು, ಪೂರ್ತಿ ನಾಟಕವನ್ನು ಯೂಟ್ಯೂಬಿಗೆ ಹಾಕುವುದು, ಇವೆಲ್ಲ ಬೇಡ. ಸ್ಕ್ರಿಪ್ಟು, ಸಂಗೀತದ ಹಾಳೆ ಸರಿಯಾದ ದಾರಿಯಲ್ಲಿ ಸಿಗಬೇಕಾದರೂ ಲೈಸೆನ್ಸ್ ಬೇಕೇ ಬೇಕು. ಕನ್ನಡಕ್ಕೆ ತರುವ ಆಸೆ ಇದ್ದರೆ ಮೊದಲೇ ಬರೆದು ಒಪ್ಪಿಗೆ ಪಡೆಯಿರಿ. ದೃಶ್ಯ ಕತ್ತರಿಸುವುದಕ್ಕೂ ಅಷ್ಟೆ.

ಹದಿನಾಲ್ಕು ವಾರ ಇಟ್ಟುಕೊಳ್ಳಿ. ಮಾರ್ಚ್ ಪರೀಕ್ಷೆಯ ಕಡೆಯಿಂದ ಹಿಂದಕ್ಕೆ ಎಣಿಸಿದರೆ ಡಿಸೆಂಬರ್ ಮೊದಲ ವಾರ ಪ್ರದರ್ಶನಕ್ಕೆ ಒಳ್ಳೆಯದು. ಆಗಸ್ಟ್ ಕೊನೆಗೆ ಶುರು ಮಾಡಿ. ಅರ್ಧವಾರ್ಷಿಕ ಪರೀಕ್ಷೆ, ದಸರಾ ರಜೆಗೆ ಎರಡು ವಾರ ಹೋಗುತ್ತದೆ ಅಂತ ಮೊದಲೇ ಬಿಟ್ಟುಬಿಡಿ.

3. ಸ್ಕ್ರಿಪ್ಟ್ ಕೊಡುವ ಮೊದಲು ನಕ್ಷೆ ಕೊಡಿ

ಮೊದಲ ಎರಡು ದಿನ ಮಾತು ಓದಿಸಬೇಡಿ. ಗೋಡೆಗೆ ಪೂರ್ವ ಯುರೋಪಿನ ನಕ್ಷೆ ಅಂಟಿಸಿ. ಆ ಕಾಲದಲ್ಲಿ ಬಹುಪಾಲು ಯಹೂದಿಗಳು ರಷ್ಯಾ ಸಾಮ್ರಾಜ್ಯದ ಪಶ್ಚಿಮ ಅಂಚಿನ ಒಂದು ಪಟ್ಟಿಯೊಳಗೇ ವಾಸ ಮಾಡಬೇಕಿತ್ತು. ಇಂದಿನ ಉಕ್ರೇನ್, ಬೆಲಾರೂಸ್, ಲಿಥುವೇನಿಯಾ, ಮಾಲ್ಡೋವಾ, ಪೋಲೆಂಡ್‌ನ ಭಾಗಗಳು ಅದರಲ್ಲಿ ಬರುತ್ತಿದ್ದವು. 1791ರಲ್ಲಿ ಶುರುವಾದ ಈ ಕಟ್ಟು 1917ರವರೆಗೆ ಉಳಿಯಿತು. 1881ರಿಂದ ಯಹೂದಿ ಮನೆ, ಅಂಗಡಿಗಳ ಮೇಲೆ ಗುಂಪು ದಾಳಿಗಳ ಅಲೆ ಎದ್ದಿತು. ಅದಕ್ಕೆ ಪೋಗ್ರೋಮ್ ಅನ್ನುತ್ತಾರೆ. 1903ರಲ್ಲಿ ಕಿಶಿನೆವ್‌ನಲ್ಲಿ, 1905ರಲ್ಲಿ ಒಡೆಸ್ಸಾ ಮತ್ತು ಕೀವ್‌ನಲ್ಲಿ ಬಹಳ ಜನ ಸತ್ತರು. ಕೀವ್ ದಾಳಿಯ ನಂತರ ಶೋಲೆಮ್ ಅಲೈಕೆಮ್ ತಾವೇ ದೇಶ ಬಿಟ್ಟರು. 1916ರಲ್ಲಿ ತೀರಿಕೊಂಡಿದ್ದು ನ್ಯೂಯಾರ್ಕ್‌ನಲ್ಲಿ. ಇಷ್ಟು ತಿಳಿದ ಮಗು ‘ಮೂರು ದಿನದಲ್ಲಿ ಊರು ಬಿಡಿ’ ಎಂಬ ಆದೇಶ ಕೇಳಿದಾಗ ನಿಲ್ಲುವ ರೀತಿಯೇ ಬೇರೆ.

ಆಮೇಲೆ ಹೆಸರುಗಳು. ಇಂಗ್ಲಿಷ್ ಅಕ್ಷರ ನೋಡಿ ನಮ್ಮ ಮಕ್ಕಳು ‘ಚಾವಾ’ ಅನ್ನುತ್ತಾರೆ. ಅದು ಗಂಟಲಿನಿಂದ ಬರುವ ‘ಹ’, ಉರ್ದು ಬಲ್ಲವರು ‘ಖುದಾ’ ಅನ್ನುವಾಗ ಬರುತ್ತಲ್ಲ, ಆ ಥರ. ಹಾಡಿನಲ್ಲಿ ಬರುವ ‘ಲೆಹಾಯಿಮ್’ (ಲೋಟ ಎತ್ತಿ ‘ಬದುಕಿಗೆ’ ಅಂತ ಹಾರೈಸುವ ಮಾತು) ಎಂಬುದರಲ್ಲೂ ಅದೇ ಧ್ವನಿ. ‘ಗೋಲ್ಡ್’ ಅಲ್ಲ, ‘ಗೋಲ್ಡೆ’. ಮೋಟೆಲ್ ಎಂಬ ಹೆಸರನ್ನು ಹೈವೇ ಪಕ್ಕದ ಲಾಡ್ಜಿನ ಹಾಗೆ ಎಳೆದರೆ ಸಭೆಯಲ್ಲಿ ನಗು ಬರುತ್ತೆ. ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು ‘ಮಾಟಲ್’ ಅಂತ ಚಿಕ್ಕದಾಗಿ ಹೇಳಿಸಿ.

ಮೂರನೆಯ ದಿನ ಓದಲು ಕೂತಾಗ ಒಂದು ಮಾತು ಬಂದೇ ಬರುತ್ತದೆ. “ಸಾರ್, ಇದು ನಮ್ಮ ಮನೆ ಕಥೆ!” ಯೆಂಟೆ ಬಂದಾಗಲಂತೂ ಪ್ರತಿ ಮಗುವಿಗೂ ತನ್ನ ಒಬ್ಬ ಅತ್ತೆಯೋ ಚಿಕ್ಕಮ್ಮನೋ ನೆನಪಾಗುತ್ತಾಳೆ. ಇದು ಹೊಸದೇನಲ್ಲ. ಟೋಕಿಯೋದಲ್ಲಿ ಈ ನಾಟಕ ಆಡಿದಾಗ ಅಲ್ಲಿನ ನಿರ್ಮಾಪಕರು, ಇದು ಇಷ್ಟೊಂದು ಜಪಾನೀ ಕಥೆ, ಅಮೆರಿಕದವರಿಗೆ ಅರ್ಥವಾಗುತ್ತಾ ಅಂತ ಕೇಳಿದ್ದನ್ನು ಜೋಸೆಫ್ ಸ್ಟೈನ್ ಹೇಳಿಕೊಳ್ಳುತ್ತಿದ್ದರು. 1969ರಲ್ಲಿ ಬ್ರೂಕ್ಲಿನ್‌ನ ಬ್ರೌನ್ಸ್‌ವಿಲ್ ಬಡಾವಣೆಯ ಶಾಲೆಯೊಂದರಲ್ಲಿ ಕಪ್ಪು ಮತ್ತು ಪೋರ್ಟೊರಿಕನ್ ಮಕ್ಕಳು ಇದನ್ನು ಆಡಿದರು. ಹಿಂದಿನ ವರ್ಷದ ಶಿಕ್ಷಕರ ಮುಷ್ಕರದಿಂದ ಅಲ್ಲಿ ಕಪ್ಪು ಜನ ಮತ್ತು ಯಹೂದಿಗಳ ನಡುವೆ ಮನಸ್ತಾಪ ಇತ್ತು. ವಿರೋಧಿಸಿದವರಿದ್ದರು. ಮಕ್ಕಳು ಬಿಡದೆ ಆಡಿದರು.

ಹಾಗಂತ ಟೆವ್ಯೆಗೆ ಪಂಚೆ ಉಡಿಸಬೇಡಿ. ನಮ್ಮದು ಅನ್ನಿಸುವುದು ಸಭೆಯ ಕೆಲಸ. ಯಹೂದಿ ಊರನ್ನು ಯಹೂದಿ ಊರಾಗಿಯೇ ಕಟ್ಟುವುದು ನಮ್ಮ ಕೆಲಸ.

4. ಪಾತ್ರ ಹಂಚುವುದು

ಎರಡನೆಯ ಸಲ ನಾನು ಟೆವ್ಯೆಯನ್ನು ಕೊನೆಗೆ ಆರಿಸಿದೆ. ಮೊದಲು ಊರು ಕಟ್ಟಿದೆವು. ಮೂವತ್ತು ಮಕ್ಕಳನ್ನು ಎಂಟು ಕುಟುಂಬಗಳಾಗಿ ಹಂಚಿದೆ. ಪ್ರತಿ ಕುಟುಂಬಕ್ಕೂ ಒಂದು ಕಸುಬು, ಒಂದು ಮನೆ, ಪಕ್ಕದ ಮನೆಯವರ ಮೇಲೆ ಒಂದು ಹಳೇ ಸಿಟ್ಟು. ಇವನ್ನೆಲ್ಲ ಮಕ್ಕಳೇ ಮಾಡಿಕೊಂಡರು. ಒಂದು ಮನೆಯವರು ಬಾವಿ ಹಗ್ಗ ವಾಪಸ್ ಕೊಟ್ಟಿರಲಿಲ್ಲ ಅಂತ ಇನ್ನೊಂದು ಮನೆಯವರು ಇಡೀ ನಾಟಕ ಮುಗಿಯುವವರೆಗೆ ಅವರ ಪಕ್ಕ ನಿಲ್ಲಲೇ ಇಲ್ಲ. ಸಭೆಗೆ ಅದು ಗೊತ್ತಾಗಲ್ಲ. ಆದರೆ ರಂಗದ ಮೇಲೆ ಊರು ಇದೆ ಅಂತ ಗೊತ್ತಾಗುತ್ತದೆ.

ಟೆವ್ಯೆಗೆ ದೊಡ್ಡ ಗಂಟಲಿನ ಹುಡುಗನನ್ನೇ ಹುಡುಕಬೇಡಿ. ಕೇಳಿಸಿಕೊಳ್ಳಲು ಬರುವವನು ಬೇಕು. ಅವನು ದೇವರ ಜೊತೆ ಮಾತಾಡುವಾಗ ಉತ್ತರಕ್ಕೆ ಕಾಯಬೇಕು. ಆ ಕಾಯುವಿಕೆಯಲ್ಲೇ ನಗು ಇರೋದು. ಗೋಲ್ಡೆ ಬರೀ ಗದರುವ ಹೆಂಗಸಾಗಬಾರದು. ಇಪ್ಪತ್ತೈದು ವರ್ಷದ ಸಂಸಾರದ ನಂತರ ಗಂಡ “ನನ್ನನ್ನು ಪ್ರೀತಿಸ್ತೀಯಾ” ಅಂತ ಕೇಳುವ ಹಾಡು ಅವಳ ಕೈಯಲ್ಲಿದೆ. ಹದಿನೈದರ ಹುಡುಗಿಗೆ ಅದು ಕಷ್ಟ. ನಾನು ಬಟ್ಟೆ ಮಡಿಸಲು ಕೊಟ್ಟೆ. ಕೈಗೆ ಕೆಲಸ ಸಿಕ್ಕಿದ್ದೇ ಹಾಡು ತಾನಾಗಿ ಬಂತು.

ಲೇಜರ್ ವೂಲ್ಫ್ ವಿಷಯದಲ್ಲಿ ಹುಷಾರು. ಅವನನ್ನು ದುಡ್ಡಿಗೆ ಸಾಯುವ ಜಿಪುಣನನ್ನಾಗಿ ಮಾಡುವುದು ಬಹಳ ಸುಲಭ. ಬಹಳ ಕೆಟ್ಟದ್ದೂ ಹೌದು. ಮಾತು ಮುರಿದದ್ದಕ್ಕೆ ನೊಂದ, ಒಂಟಿಯಾದ ದೊಡ್ಡ ಮನುಷ್ಯ ಅವನು.

ಹದಿಮೂರು, ಹದಿನಾಲ್ಕರ ಹುಡುಗರ ದನಿ ಒಡೆಯುತ್ತಿರುತ್ತದೆ. ಆಗಸ್ಟ್‌ನಲ್ಲಿ ಮುಟ್ಟಿದ ಸ್ವರ ಡಿಸೆಂಬರ್‌ನಲ್ಲಿ ಸಿಗದೇ ಹೋಗಬಹುದು. ಪೆರ್ಚಿಕ್, ಮೋಟೆಲ್ ಇಬ್ಬರಿಗೂ ಒಬ್ಬೊಬ್ಬ ಬದಲಿ ಹುಡುಗನನ್ನು ಮೊದಲ ದಿನದಿಂದಲೇ ಕೂರಿಸಿ.

5. ಹಾಡು, ಕುಣಿತ, ಬಾಟಲಿ

ಮೊದಲ ನಾಲ್ಕು ವಾರ ಬರೀ ಹಾಡು. ಯಕ್ಷಗಾನ ನೋಡಿದ ಮಕ್ಕಳಿಗೆ ಒಂದು ಮಾತು ಬೇಗ ಅರ್ಥವಾಗುತ್ತದೆ: ಪದ ಬಂದಾಗ ಕಥೆ ನಿಲ್ಲುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಇಲ್ಲೂ ಹಾಗೇ. ‘ಮ್ಯಾಚ್‌ಮೇಕರ್’ ಹಾಡು ಶುರುವಾದಾಗ ಹುಡುಗಿಯರಿಗೆ ಮದುವೆಯ ಕನಸು. ಮುಗಿಯುವಾಗ ಅದೇ ಮದುವೆಯ ಹೆದರಿಕೆ. ಯಾವ ಸಾಲಿನಲ್ಲಿ ಬದಲಾಯಿತು ಅಂತ ಮಕ್ಕಳಿಂದಲೇ ಗುರುತು ಹಾಕಿಸಿ.

ಮೊದಲ ಹಾಡಿಗೆ ವೃತ್ತ ಮುಖ್ಯ. ಕೈ ಕೈ ಹಿಡಿದು ಒಳಬರುವ ಊರು. ದಿನಾ ತಾಲೀಮನ್ನು ಆ ವೃತ್ತದಿಂದಲೇ ಶುರು ಮಾಡಿ, ಯಾಕೆ ಅಂತ ಹೇಳಬೇಡಿ. ಕೊನೆಯ ದೃಶ್ಯದಲ್ಲಿ ಅದೇ ವೃತ್ತ ಬಿಚ್ಚಿಕೊಂಡು ಒಬ್ಬೊಬ್ಬರೇ ಹೊರಟಾಗ ಅವರಿಗೇ ಗೊತ್ತಾಗುತ್ತದೆ.

ಇನ್ನು ಎಲ್ಲರೂ ಕಾಯುವ ಬಾಟಲಿ ಕುಣಿತ. ತ್ಸೈಟಲ್ ಮದುವೆಯಲ್ಲಿ ಗಂಡಸರು ಟೋಪಿಯ ಮೇಲೆ ಬಾಟಲಿ ಇಟ್ಟುಕೊಂಡು ಮಂಡಿಯೂರಿ ಜಾರುತ್ತ ಬರುತ್ತಾರೆ. ರಾಬಿನ್ಸ್ ಈ ಕುಣಿತ ಕಟ್ಟುವ ಮೊದಲು ಕಟ್ಟಾ ಸಂಪ್ರದಾಯದ ಹಸಿದಿಕ್ ಪಂಥದ ಯಹೂದಿಗಳ ಮದುವೆಗಳಿಗೆ ಹೋಗಿ ನೋಡಿ ಬಂದಿದ್ದರು. ಬ್ರಾಡ್‌ವೇಯಲ್ಲಿ ಬಾಟಲಿ ಅಂಟಿಸಿರುವುದಿಲ್ಲ, ನಿಜವಾಗಿಯೂ ನಿಲ್ಲಿಸುತ್ತಾರೆ. ನಾವು ಮಾಡಿದ್ದು ಹೀಗೆ. ಗಾಜು ಬೇಡವೇ ಬೇಡ. ಅಗಲ ತಳದ ಪ್ಲಾಸ್ಟಿಕ್ ಬಾಟಲಿಗೆ ಮೂರನೇ ಒಂದು ಭಾಗ ಮರಳು ತುಂಬಿ, ಕಪ್ಪು ಬಣ್ಣ ಹೊಡೆದೆವು. ಭಾರ ಕೆಳಗಿದ್ದರೆ ಬಾಟಲಿ ಅಲ್ಲಾಡುವುದು ಕಡಿಮೆ. ಟೋಪಿ ಮೆತ್ತಗಿರಬಾರದು, ಮೇಲ್ಭಾಗ ಚಪ್ಪಟೆಯಾಗಿ ಗಟ್ಟಿಯಾಗಿರಬೇಕು. ಪ್ಯಾಂಟಿನ ಒಳಗೆ ಮಂಡಿಗೆ ಪ್ಯಾಡ್. ಐದು ಮಕ್ಕಳು, ದಿನಕ್ಕೆ ಹತ್ತು ನಿಮಿಷ, ಆರು ವಾರ. ಮೊದಲ ವಾರ ಬರೀ ನಡಿಗೆ. ಕಣ್ಣು ಎದುರಿನ ಗೋಡೆಯ ಮೇಲಿನ ಒಂದು ಚುಕ್ಕಿಯಲ್ಲಿ. ನಾಲ್ಕನೇ ವಾರದವರೆಗೂ ಮಂಡಿಯೂರಿಸಬೇಡಿ. ಅಷ್ಟಾದರೂ ಬೀಳುತ್ತಿದ್ದರೆ ವೆಲ್ಕ್ರೋ ಹಾಕಿ. ಯಾರೂ ನಿಮ್ಮನ್ನು ಜೈಲಿಗೆ ಹಾಕಲ್ಲ.

ಬಿದ್ದರೆ ಏನು ಮಾಡಬೇಕು ಅನ್ನುವುದನ್ನೂ ತಾಲೀಮು ಮಾಡಿಸಿ. ಬಿದ್ದವನು ನಗುತ್ತ ಸಾಲಿನಿಂದ ಸರಿದು ಚಪ್ಪಾಳೆ ತಟ್ಟುವವರ ಜೊತೆ ಸೇರಬೇಕು. ಪಕ್ಕದವನು ಬಾಟಲಿ ಎತ್ತಿಕೊಳ್ಳಬೇಕು. ನಮ್ಮಲ್ಲಿ ಎರಡನೇ ಪ್ರದರ್ಶನದಲ್ಲಿ ಒಂದು ಬಿತ್ತು. ಸಭೆ ಅದಕ್ಕೇ ಜಾಸ್ತಿ ಚಪ್ಪಾಳೆ ಹೊಡೆಯಿತು.

6. ಆಚಾರ, ವೇಷ, ಸಾಮಾನು

ಇಲ್ಲಿ ಸಣ್ಣ ಸಣ್ಣ ವಿಷಯಗಳೇ ಕೈಕೊಡುವುದು. ಯಹೂದಿ ಮನೆಯ ಬಾಗಿಲ ಚೌಕಟ್ಟಿಗೆ ಮೆಜುಜಾ ಎಂಬ ಪುಟ್ಟ ಕೊಳವೆ ಇರುತ್ತದೆ, ಒಳಗೆ ಪವಿತ್ರ ವಾಕ್ಯ ಬರೆದ ಸುರುಳಿ. ಒಳಗೆ ಬರುವವರು ಅದನ್ನು ಬೆರಳಿನಿಂದ ಮುಟ್ಟಿ ಬೆರಳಿಗೆ ಮುತ್ತಿಡುತ್ತಾರೆ. ನಮ್ಮ ಮಕ್ಕಳು ಮುಟ್ಟಿದ ಕೈಯನ್ನು ನೇರ ಕಣ್ಣಿಗೆ ಒತ್ತಿಕೊಂಡರು. ಅಭ್ಯಾಸ ಬಲ, ಬೈಯಲು ಮನಸ್ಸು ಬರಲ್ಲ. ಶುಕ್ರವಾರ ಸಂಜೆ ಸಬ್ಬತ್ ಶುರು, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ. ಸೂರ್ಯ ಮುಳುಗುವ ಮೊದಲು ಮನೆಯೊಡತಿ ದೀಪ ಹಚ್ಚಿ, ಕೈಯನ್ನು ಜ್ವಾಲೆಯ ಮೇಲೆ ತನ್ನತ್ತ ಬಳಸಿ, ಕಣ್ಣು ಮುಚ್ಚಿಕೊಂಡು ಪ್ರಾರ್ಥಿಸುತ್ತಾಳೆ. ‘ಸಬ್ಬತ್ ಪ್ರೇಯರ್’ ಹಾಡಿನಲ್ಲಿ ಎಂಟೂ ಮನೆಗಳಲ್ಲಿ ಒಟ್ಟಿಗೆ ದೀಪ ಹತ್ತಬೇಕು. ಯಾರೂ ಕೈಮುಗಿಯಬಾರದು. ದೀಪ ಬ್ಯಾಟರಿಯದ್ದೇ ಇರಲಿ, ತಲೆಗೆ ಕಟ್ಟಿದ ಬಟ್ಟೆ, ಬೆಂಕಿ, ಐವತ್ತು ಮಕ್ಕಳು ಒಂದೇ ಕಡೆ ಬೇಡ.

ಮದುವೆಯಾದ ಹೆಂಗಸರಿಗೆಲ್ಲ ತಲೆಗೆ ಬಟ್ಟೆ. ಗಂಡಸರಿಗೆ ಟೋಪಿ. ಬಣ್ಣ ಕಂದು, ಬೂದು, ಮಾಸಿದ ನೀಲಿ. ಬಿಂದಿ, ಬಳೆ, ಮೆಹಂದಿ ಪ್ರದರ್ಶನದ ದಿನ ಇರಕೂಡದು ಅಂತ ಎರಡು ವಾರ ಮೊದಲೇ ಚೀಟಿ ಕಳಿಸಿ. ಡಿಸೆಂಬರ್‌ನಲ್ಲಿ ಯಾವುದಾದರೂ ಮದುವೆ ಇದ್ದೇ ಇರುತ್ತೆ. ಗಡ್ಡ ಮೂರ್ನಾಲ್ಕು ಜನಕ್ಕೆ ಸಾಕು. ಉದ್ದ ಮೂಗು ಅಂಟಿಸುವುದು, ಗೂನು ಬೆನ್ನು, ವಿಚಿತ್ರ ಉಚ್ಚಾರ, ಇವು ಯಾವುವೂ ಬೇಡ. ಯಹೂದಿಗಳನ್ನು ಹಂಗಿಸಲು ನೂರಾರು ವರ್ಷ ಬಳಸಿದ ಚಿತ್ರ ಅದು.

ಒಂದು ಸಂಗತಿ ನನಗೆ ಹೊಳೆದೇ ಇರಲಿಲ್ಲ. ಮೊದಲ ಪ್ರದರ್ಶನದ ಸಂಜೆ ಸಭಾಂಗಣದ ಬಾಗಿಲಲ್ಲಿ ಪೋಷಕರು ಪ್ರೀತಿಯಿಂದ ರಂಗೋಲಿ ಹಾಕಿದ್ದರು. ನಡುವೆ ದೊಡ್ಡ ಸ್ವಸ್ತಿಕ. ನಮಗೆ ಅದು ಶುಭ. ನಾಜಿಗಳ ಚಿಹ್ನೆಯಾಗಿ ಆ ಆಕಾರವನ್ನು ಕಂಡ ಜನರ ಕಥೆ ಒಳಗೆ ನಡೆಯುತ್ತಿದೆ. ಪಕ್ಕಕ್ಕೆ ಕರೆದು ಹೇಳಿದೆ, ಐದೇ ನಿಮಿಷದಲ್ಲಿ ತಾವರೆ ಆಯಿತು. ನೀವು ಮೊದಲೇ ಹೇಳಿಬಿಡಿ.

ಸಾಮಾನಿಗೆ ಜಾಸ್ತಿ ಖರ್ಚು ಬೇಡ. ತರಕಾರಿ ಮಾರುವವರ ಹಳೇ ತಳ್ಳುಗಾಡಿಗೆ ಮುಂದೆ ಎರಡು ಕೋಲು ಕಟ್ಟಿದರೆ ಟೆವ್ಯೆಯ ಗಾಡಿ. ಅವನ ಕುದುರೆಗೆ ಕಾಲು ಕುಂಟು, ಅದಕ್ಕೇ ತಾನೇ ಎಳೆಯುತ್ತಾನೆ. ಅಲ್ಯೂಮಿನಿಯಂ ಹಾಲಿನ ಕ್ಯಾನ್‌ಗೆ ಬೂದು ಬಣ್ಣ ಹೊಡೆಯಿರಿ. ಮೋಟೆಲ್‌ನ ಹೊಲಿಗೆ ಮಿಷನ್ ಮಾತ್ರ ನಿಜದ್ದೇ ಇರಲಿ, ಕೈಯಲ್ಲಿ ತಿರುಗಿಸುವ ಹಳೆಯದು ಯಾರದಾದರೂ ಅಟ್ಟದಲ್ಲಿರುತ್ತದೆ. ಪಿಟೀಲಿನವನು ನಿಲ್ಲುವ ಮಾಡು ಮೂರಡಿ ಎತ್ತರ ಸಾಕು. ಇಳಿಜಾರು ಮುಂದೆ ಚಿತ್ರದಲ್ಲಿರಲಿ, ಕಾಲಿಗೆ ಸಮತಟ್ಟು ಹಲಗೆ, ಹಿಂದೆ ಹಿಡಿಕೆ. ಮಾಡಿನ ಮೇಲಿನ ಪಿಟೀಲುಗಾರ ಚಿತ್ರಕಾರ ಮಾರ್ಕ್ ಶಗಾಲ್ ಬಿಡಿಸಿದ ಚಿತ್ರಗಳಿಂದ ಬಂದವನು. ಆ ಚಿತ್ರಗಳನ್ನು ಮಕ್ಕಳಿಗೆ ತೋರಿಸಿ, ಸೆಟ್ಟಿನ ಮನೆಗಳು ಯಾಕೆ ಓರೆಯಾಗಿರಬಹುದು ಅಂತ ಅವರಿಗೇ ತಿಳಿಯುತ್ತದೆ.

ಮೋಟೆಲ್ ಸಂಬಂಧಕ್ಕೆ ಗೋಲ್ಡೆಯನ್ನು ಒಪ್ಪಿಸಲು ಟೆವ್ಯೆ ಕಟ್ಟಿ ಹೇಳುವ ಸುಳ್ಳು ಕನಸಿನಲ್ಲಿ ದೆವ್ವವಾಗಿ ಬರುವ ಫ್ರೂಮಾ ಸಾರಾ ಲೇಜರ್ ವೂಲ್ಫ್‌ನ ಸತ್ತ ಹೆಂಡತಿ. ಅವಳು ಎತ್ತರ ಕಾಣಲಿ ಅಂತ ಒಬ್ಬರ ಹೆಗಲ ಮೇಲೆ ಇನ್ನೊಬ್ಬರನ್ನು ಕೂರಿಸುವ ಸಾಹಸ ಬಿಟ್ಟುಬಿಡಿ. ಚಕ್ರದ ಸ್ಟ್ಯಾಂಡ್, ಸೊಂಟಕ್ಕೆ ಬೆಲ್ಟು, ನಾಲ್ಕೈದು ಮೀಟರ್ ಬಿಳಿ ಬಟ್ಟೆ, ತಳ್ಳಲು ಇಬ್ಬರು ಗಟ್ಟಿ ಹುಡುಗರು.

7. ಎರಡು ಕಷ್ಟದ ದೃಶ್ಯಗಳು

ಮೊದಲ ಅಂಕದ ಕೊನೆಗೆ ಮದುವೆ ಮನೆಯ ಮೇಲೆ ದಾಳಿ. ಅದಕ್ಕೆ ಸ್ವಲ್ಪ ಮೊದಲು ಪೆರ್ಚಿಕ್ ಗಂಡಸರು ಹೆಂಗಸರ ನಡುವಿನ ಹಗ್ಗ ದಾಟಿ ಹೋಡೆಲ್ ಜೊತೆ ಕುಣಿದಿರುತ್ತಾನೆ. ಊರು ತನ್ನ ಕಟ್ಟನ್ನು ತಾನೇ ಸಡಿಲಿಸಿದ ಗಳಿಗೆಯಲ್ಲಿ ಹೊರಗಿನವರು ನುಗ್ಗುತ್ತಾರೆ. ನೂಕಾಟ ಬೇಡ. ಮೂರೇ ಕೆಲಸ ಇಟ್ಟುಕೊಳ್ಳಿ: ಬೆಂಚು ಉರುಳುವುದು, ಮೇಜಿನ ಬಟ್ಟೆ ಹರಿಯುವುದು, ದಿಂಬು ಸೀಳುವುದು. ಬಟ್ಟೆಯನ್ನು ಮೊದಲೇ ಕತ್ತರಿಸಿ ಸಡಿಲ ಹೊಲಿಗೆ ಹಾಕಿಡಿ. ದಿಂಬಿಗೆ ಗರಿ ಬೇಡ, ಹತ್ತಿ ಸಾಕು, ಕೆಮ್ಮುವ ಮಕ್ಕಳಿರುತ್ತಾರೆ. ಎಲ್ಲವನ್ನೂ ಎಂಟರ ಎಣಿಕೆಯಲ್ಲಿ, ಬಾಯಿಬಿಟ್ಟು ಎಣಿಸುತ್ತ ತಾಲೀಮು ಮಾಡಿ. ಆಮೇಲೆ ಮೌನ. ಊರಿನವರು ಸುಮ್ನೆ ಬಗ್ಗಿ ಎತ್ತಿಡಲು ಶುರು ಮಾಡುತ್ತಾರೆ. ಮಧ್ಯಂತರದಲ್ಲಿ ದಯವಿಟ್ಟು ಸಿನಿಮಾ ಹಾಡು ಹಾಕಿಸಬೇಡಿ.

ಎರಡನೆಯದು ಹಾವಾ ಅಪ್ಪನನ್ನು ಬೇಡಿಕೊಳ್ಳುವ ದೃಶ್ಯ. ಟೆವ್ಯೆ ಅವಳನ್ನು ಒಪ್ಪುವುದಿಲ್ಲ. ನಮ್ಮ ಕ್ಲಾಸಿನಲ್ಲಿ ಈ ದೃಶ್ಯ ಓದಿದ ದಿನ ಗಲಾಟೆಯೇ ಆಯಿತು. ಅರ್ಧ ಮಕ್ಕಳಿಗೆ ಟೆವ್ಯೆ ಮೇಲೆ ಸಿಟ್ಟು, ಇನ್ನರ್ಧ ಮಕ್ಕಳಿಗೆ ಹಾವಾ ಮೇಲೆ. ಜಾತಿ, ಧರ್ಮ ಬಿಟ್ಟು ಮದುವೆಯಾದವರು ನಮ್ಮ ಮನೆಗಳಲ್ಲೂ ಇರುತ್ತಾರಲ್ಲ. “ನಿಮ್ಮ ಮನೆಯಲ್ಲಿ ಹೀಗಾದರೆ?” ಅಂತ ಮಾತ್ರ ಕೇಳಬೇಡಿ. ನಾನು ಕೇಳಿದೆ. ಒಬ್ಬ ಹುಡುಗಿ ಎದ್ದು ಹೊರಗೆ ಹೋದಳು. ಆಮೇಲಿಂದ ಪ್ರಶ್ನೆಯನ್ನು ಪಾತ್ರದೊಳಗೇ ಇಟ್ಟೆ. ಟೆವ್ಯೆ ಯಾಕೆ ತಿರುಗಿ ನೋಡಲಿಲ್ಲ? ನೋಡಿದ್ದರೆ ಏನಾಗುತ್ತಿತ್ತು ಅಂತ ಅವನಿಗೆ ಹೆದರಿಕೆ?

ಪೋಷಕರೊಬ್ಬರು ಫೋನ್ ಮಾಡಿ, ಮಕ್ಕಳಿಗೆ ಇಂಥ ಕಥೆ ಯಾಕೆ ಅಂದರು. ವಾದ ಮಾಡಲಿಲ್ಲ, ಶನಿವಾರದ ತಾಲೀಮಿಗೆ ಕರೆದೆ. ಬಂದರು, ಪೂರ್ತಿ ನೋಡಿದರು, ಮಗಳನ್ನು ಕರೆದುಕೊಂಡು ಹೋದರು. ಅವರಿಗೆ ಏನನ್ನಿಸಿತೋ ಇವತ್ತಿಗೂ ಗೊತ್ತಿಲ್ಲ. ಮಗಳು ಸೋಮವಾರ ತಾಲೀಮಿಗೆ ಬಂದಳು.

8. ಕೊನೆಯ ಎರಡು ವಾರ

ಹನ್ನೆರಡನೇ ವಾರದಿಂದ ಸ್ಕ್ರಿಪ್ಟ್ ಕೈಯಲ್ಲಿ ಇರಬಾರದು. ಹದಿಮೂರನೇ ವಾರ ಲೈಟು, ಮೈಕು. ಮೈಕು ಎಂಟೇ ಇದ್ದರೆ ಯಾರಿಂದ ಯಾರಿಗೆ ಯಾವಾಗ ಕೈಬದಲಾಗುತ್ತದೆ ಅಂತ 10ನೇ ಕ್ಲಾಸಿನ ಒಬ್ಬ ಶಿಸ್ತಿನ ಹುಡುಗಿಗೆ ಪಟ್ಟಿ ಕೊಟ್ಟು ಸೈಡ್‌ವಿಂಗಿನಲ್ಲಿ ಕೂರಿಸಿ. ಗ್ರ್ಯಾಂಡ್ ರಿಹರ್ಸಲ್ ದಿನ ಪೂರ್ತಿ ವೇಷದಲ್ಲಿ ಒಂದು ಸಲ ನಿಲ್ಲಿಸದೆ ಓಡಿಸಿ. ತಪ್ಪಾದರೂ ಬಾಯಿ ಮುಚ್ಚಿಕೊಂಡು ಬರೆದುಕೊಳ್ಳಿ. ನನಗೆ ಇದೇ ಎಲ್ಲಕ್ಕಿಂತ ಕಷ್ಟ.

ಕೊನೆಯ ದೃಶ್ಯಕ್ಕೆ ಮಾತ್ರ ಒಂದು ಇಡೀ ದಿನ ಇಡಿ. ಮಕ್ಕಳು ಅಳುತ್ತ ಆಡಲು ನೋಡುತ್ತಾರೆ. ಅಳಬೇಡಿ, ಗಂಟು ಕಟ್ಟಿ ಅಂತ ಹೇಳಿ. ಯಾವ ಸಾಮಾನು ಬಿಡಬೇಕು, ಯಾವುದು ಒಯ್ಯಬೇಕು ಅಂತ ಪ್ರತಿ ಕುಟುಂಬವೂ ತೀರ್ಮಾನಿಸಲಿ. ಬಾವಿ ಹಗ್ಗದ ಜಗಳದ ಮನೆಯವರು ಆ ದಿನ ಹಗ್ಗ ವಾಪಸ್ ಕೊಟ್ಟರು. ನಾನು ಹೇಳಿಕೊಟ್ಟದ್ದಲ್ಲ. ಹಾವಾ ಬೀಳ್ಕೊಡಲು ಬಂದಾಗ ಟೆವ್ಯೆ ಅವಳತ್ತ ತಿರುಗದೆ, ಹಗ್ಗ ಬಿಗಿಯುತ್ತಲೇ ತ್ಸೈಟಲ್ ಕಿವಿಗೆ ಬೀಳುವ ಹಾಗೆ ಒಂದು ಹಾರೈಕೆ ಗೊಣಗುತ್ತಾನೆ. ಗೊಣಗಿದ್ದು ಹಿಂದಿನ ಸಾಲಿಗೂ ಕೇಳಬೇಕು. ಅಲ್ಲೊಂದು ಮೈಕು ಖಂಡಿತ ಇರಲಿ. ಆಮೇಲೆ ಗಾಡಿ ಹೊರಡುತ್ತದೆ, ಪಿಟೀಲಿನವನು ಹಿಂದೆ ನಡೆಯುತ್ತಾನೆ. ಅವರು ಮರೆಯಾದ ಮೇಲೂ ಐದು ಎಣಿಸಿ, ಆಮೇಲೆ ಲೈಟು ತೆಗೆಯಿರಿ.

ಸ್ಕ್ರಿಪ್ಟ್ ಪುಸ್ತಕಗಳು ಬಾಡಿಗೆಗೆ ಬಂದಿದ್ದರೆ ಪೆನ್ಸಿಲ್ ಗುರುತುಗಳನ್ನೆಲ್ಲ ಅಳಿಸಿ ವಾಪಸ್ ಕಳಿಸಬೇಕು. ಅದಕ್ಕೇ ಮೊದಲ ದಿನವೇ ಪೆನ್ನು ನಿಷೇಧ. ಪ್ರದರ್ಶನ ಮುಗಿದ ಸೋಮವಾರ ಎಲ್ಲರಿಗೂ ಒಂದೊಂದು ರಬ್ಬರ್ ಹಂಚಿ ಅದೇ ವೃತ್ತದಲ್ಲಿ ಕೂರಿಸಿ. ನಮ್ಮವರಿಗೆ ಒಂದೂವರೆ ಗಂಟೆ ಹಿಡಿಯಿತು. ಒಬ್ಬೊಬ್ಬರೂ ತಮ್ಮ ಗುರುತನ್ನು ಓದಿ, ನಕ್ಕು, ಪಕ್ಕದವರಿಗೆ ತೋರಿಸಿ, ಆಮೇಲೆ ಅಳಿಸುತ್ತಿದ್ದರು.